ಸಣ್ಣ ಅಕ್ಷರದ ಹೆಸರು ಹಿಡಿದು ಆಲ್ಬಂ ಕೇಳುವ ಬಗೆ

ಅತ್ಯುತ್ತಮ ನೂರು ಆಲ್ಬಂಗಳ ಪಟ್ಟಿ ಹಿಡಿದು ಕೇಳಲು ಕೂತವರು ಸಾಮಾನ್ಯವಾಗಿ ಹತ್ತರೊಳಗೇ ಕೈಬಿಡುತ್ತಾರೆ. ತಪ್ಪು ಅವರದಲ್ಲ. ಮೊದಲನೆಯದು ರಾಕ್, ಎರಡನೆಯದು ಜಾಝ್, ಮೂರನೆಯದು ಹಿಪ್‌ಹಾಪ್. ಒಂದಕ್ಕೂ ಇನ್ನೊಂದಕ್ಕೂ ನಂಟಿಲ್ಲ, ಪಟ್ಟಿ ಮಾಡಿದವರು ಕೊಟ್ಟ ಅಂಕವಷ್ಟೇ ಅವನ್ನು ಅಕ್ಕಪಕ್ಕ ಕೂರಿಸಿದೆ. ಪ್ರತಿ ಸಲವೂ ಗೊತ್ತಿಲ್ಲದ ಊರಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿದಂತಾಗುತ್ತದೆ.

ಇದಕ್ಕಿಂತ ಸಲೀಸಾದ ದಾರಿ ಒಂದಿದೆ. ಹಳೆಯ ಗ್ರಾಮಫೋನ್ ತಟ್ಟೆಗಳ ಹೊದಿಕೆಯ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಒಂದಷ್ಟು ಹೆಸರುಗಳು ಅಚ್ಚಾಗಿರುತ್ತಿದ್ದವು. ಬೇಸ್ (ತಗ್ಗಿನ ದನಿಯ ಗಿಟಾರ್) ನುಡಿಸಿದವರು ಯಾರು, ಧ್ವನಿಮುದ್ರಣದ ಎಂಜಿನಿಯರ್ ಯಾರು, ಯಾವ ಸ್ಟುಡಿಯೋ, ಯಾವ ದಿನ. ಅವುಗಳಲ್ಲಿ ಒಂದನ್ನು ಹಿಡಿದುಕೊಂಡು ಮುಂದಿನ ಆಲ್ಬಂಗೆ ಹೋದರೆ, ಪ್ರಕಾರ ಬದಲಾದರೂ ಜೊತೆಗೆ ಒಬ್ಬ ಪರಿಚಿತರಿರುತ್ತಾರೆ. ಸಂತೂರಿನಿಂದ ಹೊರಟು ಜಾಝ್ ದಾಟಿ ಬಾಖ್‌ವರೆಗೂ ಹೀಗೆ ಹೋಗಬಹುದು. ಆ ದಾರಿಯನ್ನು ಮುಂದೆ ಹೆಸರು ಹೆಸರಾಗಿ ಕೊಡುತ್ತೇನೆ. ಅದಕ್ಕೂ ಮುಂಚೆ ಕೆಲವು ಸಣ್ಣ ಕೆಲಸಗಳಿವೆ.

1. ಮೊದಲು ಆ್ಯಪ್ ಸರಿಮಾಡಿಕೊಳ್ಳಿ

ಯಾವ ಹಾಡಿನ ನಂತರ ಯಾವುದು ಎಂದು ತಲೆ ಕೆಡಿಸಿಕೊಂಡು ಆಲ್ಬಂ ಮಾಡುತ್ತಾರೆ. ನಾವು ಹಾಡುಗಳನ್ನು ಹಿಂದುಮುಂದಾಗಿಸುವ ಷಫಲ್ ಒತ್ತಿದರೆ ಆ ಕೆಲಸವೆಲ್ಲ ಕಲಸಿಹೋಯಿತು. 2021ರ ನವೆಂಬರ್‌ನಲ್ಲಿ ಅಡೆಲ್ ಅವರ ಹೊಸ ಆಲ್ಬಂ ಬಂದಾಗ ಅವರ ಕೋರಿಕೆಯ ಮೇರೆಗೆ ಹಾಡು ಕೇಳುವ ಆ್ಯಪ್ ಸ್ಪಾಟಿಫೈ ತನ್ನ ಆಲ್ಬಂ ಪುಟಗಳ ಮುಖ್ಯ ಗುಂಡಿಯಿಂದ ಷಫಲ್ ತೆಗೆದು ಸಾಮಾನ್ಯ ಪ್ಲೇ ಇಟ್ಟಿತು. ಅಷ್ಟು ದೊಡ್ಡ ಗಾಯಕಿ ಕೇಳಬೇಕಾಯಿತು ನೋಡಿ.

ಷಫಲ್ ಆಫ್ ಮಾಡಿ. ಆಲ್ಬಂ ಮುಗಿದ ಮೇಲೆ ತನ್ನಷ್ಟಕ್ಕೆ ಬೇರೆ ಹಾಡು ಶುರುವಾಗುವ ಆಟೋಪ್ಲೇಯನ್ನೂ ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಿ, ಕೊನೆಯ ಹಾಡಿನ ನಂತರ ಸದ್ದು ನಿಲ್ಲಲೇಬೇಕು. ಒಂದು ಹಾಡಿನ ಕೊನೆಯ ಮೇಲೆ ಇನ್ನೊಂದರ ಶುರುವನ್ನು ಬೆರೆಸುವ ಕ್ರಾಸ್‌ಫೇಡ್ ಸೊನ್ನೆಗೆ ಇಳಿಸಿ. ಗ್ಯಾಪ್‌ಲೆಸ್ ಎಂಬ ಆಯ್ಕೆ ಇದ್ದರೆ ಹಾಕಿ, ಏಕೆಂದರೆ ಕೆಲವು ಆಲ್ಬಂಗಳಲ್ಲಿ ಒಂದು ಹಾಡು ನಿಲ್ಲದೆ ಇನ್ನೊಂದರೊಳಗೆ ಹರಿಯುತ್ತದೆ, ನಡುವೆ ಅರ್ಧ ಸೆಕೆಂಡ್ ಕತ್ತರಿಸಿದರೂ ಕಿರಿಕಿರಿ.

ದುಬಾರಿ ಹೆಡ್‌ಫೋನ್ ಬೇಕಿಲ್ಲ. ಫೋನಿನ ಪುಟ್ಟ ಸ್ಪೀಕರ್ ಮಾತ್ರ ಬೇಡ, ಅದರಲ್ಲಿ ಬೇಸ್ ಗಿಟಾರ್ ಕೇಳುವುದೇ ಇಲ್ಲ. ಬೇಸ್ ಕೇಳದಿದ್ದರೆ ಮುಂದೆ ಹೇಳುವ ಅರ್ಧ ಸಂಗತಿ ನಿಮ್ಮ ಪಾಲಿಗಿಲ್ಲ.

2. ಮೊದಲ ಆಲ್ಬಂ ಚಿಕ್ಕದಿರಲಿ

ನಿಮಿಷಕ್ಕೆ 78 ಸುತ್ತು ತಿರುಗುವ (78 ಆರ್‌ಪಿಎಂ) ಹಳೆಯ ತಟ್ಟೆಯ ಒಂದು ಬದಿಯಲ್ಲಿ ಹಿಡಿಸುತ್ತಿದ್ದುದು ಸುಮಾರು ಮೂರು ನಿಮಿಷ. 1948ರಲ್ಲಿ ಕೊಲಂಬಿಯಾ ಕಂಪನಿ 33⅓ ಆರ್‌ಪಿಎಂನ ಎಲ್‌ಪಿ (ಲಾಂಗ್ ಪ್ಲೇ) ತಟ್ಟೆ ತಂದಮೇಲೆ ಬದಿಗೆ ಇಪ್ಪತ್ತು ನಿಮಿಷ ದಾಟಿತು. 1982ರಲ್ಲಿ ಬಂದ ಸಿಡಿಯಲ್ಲಿ 74 ನಿಮಿಷ. ಈ ಮೂರು ಅಂಕಿ ನೆನಪಿಟ್ಟರೆ ಯಾವ ಕಾಲದ ಆಲ್ಬಂ ಎಷ್ಟು ಉದ್ದವಿರುತ್ತದೆಂಬ ಅಂದಾಜು ಸಿಗುತ್ತದೆ. ಎಲ್‌ಪಿ ಕಾಲದವು 35ರಿಂದ 45 ನಿಮಿಷ, ಒಂದೇ ಕೂರುವಿಕೆಗೆ ಹದ. ಸಿಡಿ ಬಂದ ಮೇಲೆ ಜಾಗ ಇದೆಯೆಂದು ತುಂಬಿದ ಆಲ್ಬಂಗಳು ಎಷ್ಟೋ ಇವೆ, ಅವನ್ನು ಆಮೇಲೆ ನೋಡಿಕೊಳ್ಳೋಣ.

ನಿಮಗೆ ಈಗಾಗಲೇ ಇಷ್ಟವಿರುವ ಒಂದು ದನಿಯಿಂದಲೋ ವಾದ್ಯದಿಂದಲೋ ಶುರುಮಾಡಿ. ಕೊಳಲು ಇಷ್ಟವಾದರೆ ಕೊಳಲಿರುವ ಆಲ್ಬಂ. ಯಾವುದು ಶ್ರೇಷ್ಠ ಎಂಬ ಚರ್ಚೆ ಈ ಹಂತದಲ್ಲಿ ಬರೀ ಹೊತ್ತುಗಳೆತ.

3. ಮೊದಲ ಸಲ ಏನೂ ಓದಬೇಡಿ, ಬದಿ ಬದಲಾಗುವಲ್ಲಿ ನಿಲ್ಲಿಸಿ

ವಿಮರ್ಶೆ, ಹಿನ್ನೆಲೆ, ಸಾಹಿತ್ಯ ಯಾವುದೂ ಬೇಡ. ಸುಮ್ಮನೆ ಮೊದಲಿನಿಂದ ಕೊನೆವರೆಗೆ ಹಾಕಿ. ನೋಡಿಕೊಳ್ಳಬೇಕಾದದ್ದು ಒಂದೇ, ಎಲ್‌ಪಿಯ ಮೊದಲ ಬದಿ ಎಲ್ಲಿ ಮುಗಿಯುತ್ತಿತ್ತು ಎಂಬುದು. ಆ್ಯಪ್ ಅದನ್ನು ತೋರಿಸುವುದಿಲ್ಲ. ಆಲ್ಬಂಗಳ ವಿವರ ಕೂಡಿಡುವ, 2000ದಲ್ಲಿ ಶುರುವಾದ ಡಿಸ್ಕಾಗ್ಸ್ ಜಾಲತಾಣದಲ್ಲಿ ಎಲ್‌ಪಿ ಆವೃತ್ತಿ ಹುಡುಕಿದರೆ ಹಾಡುಗಳ ಮುಂದೆ ಎ1, ಎ2, ಬಿ1 ಎಂದಿರುತ್ತದೆ. ಬಿ1 ಬರುವ ಮುನ್ನ ಒಂದೆರಡು ನಿಮಿಷ ನಿಲ್ಲಿಸಿ. ಎದ್ದು ಹೋಗಿ ತಟ್ಟೆ ತಿರುಗಿಸಿಹಾಕುವ ಕೇಳುಗರನ್ನು ಮನಸ್ಸಿನಲ್ಲಿಟ್ಟುಕೊಂಡೇ ಕ್ರಮ ಕಟ್ಟಿದ್ದರು. ಎ ಬದಿಯ ಕೊನೆಯ ಹಾಡು ಮತ್ತು ಬಿ ಬದಿಯ ಮೊದಲ ಹಾಡಿಗೆ ವಿಶೇಷ ಜಾಗ.

ಶಾಸ್ತ್ರೀಯ ಸಂಗೀತಕ್ಕಂತೂ ಈ ಬದಿಯ ಲೆಕ್ಕ ದೊಡ್ಡ ವಿಷಯ. 1955ರಲ್ಲಿ ಉಸ್ತಾದ್ ಅಲಿ ಅಕ್ಬರ್ ಖಾನ್ ಅವರ ಸರೋದ್ ಎಲ್‌ಪಿ ಅಮೆರಿಕದಲ್ಲಿ ಬಂದಾಗ, ಒಂದು ಬದಿಗೆ ಒಂದು ರಾಗ, ತಬಲಾದಲ್ಲಿ ಚತುರ್ ಲಾಲ್. ಕಛೇರಿಯಲ್ಲಿ ಗಂಟೆಗಟ್ಟಲೆ ಬೆಳೆಸುವ ವಾದಕರು ಇಪ್ಪತ್ತು ನಿಮಿಷದ ಗೆರೆಯೊಳಗೆ ತಾಳವಿಲ್ಲದ ಆಲಾಪ ಎಷ್ಟು, ತಬಲಾ ಜೊತೆಯ ಗತ್ ಎಷ್ಟು ಎಂದು ತೂಗಿ ನುಡಿಸಬೇಕಾಗುತ್ತಿತ್ತು. ಆ ತೂಕವನ್ನು ಗಮನಿಸಿ ಕೇಳುವುದೇ ಒಂದು ಸೊಗಸು.

4. ಎರಡನೇ ಸಲ, ಹೆಸರುಗಳ ಜೊತೆ

ಈಗ ಕ್ರೆಡಿಟ್ಸ್, ಅಂದರೆ ಯಾರು ಏನು ಮಾಡಿದರೆಂಬ ಪಟ್ಟಿ, ತೆಗೆಯಿರಿ. ಹಲವು ಆ್ಯಪ್‌ಗಳಲ್ಲಿ ಹಾಡಿನ ಪಕ್ಕದ ಮೂರು ಚುಕ್ಕಿ ಒತ್ತಿದರೆ ಬರುತ್ತದೆ, ಆದರೆ ಅಲ್ಲಿರುವುದು ಬಹುಪಾಲು ಬರೆದವರ ಮತ್ತು ಪ್ರೊಡ್ಯೂಸರ್‌ಗಳ ಹೆಸರಷ್ಟೇ. ವಾದಕರ ಹೆಸರು ಬೇಕಿದ್ದರೆ ಡಿಸ್ಕಾಗ್ಸ್ ಅಥವಾ ಅಂಥದೇ ತಾಣವಾದ ಮ್ಯೂಸಿಕ್‌ಬ್ರೈನ್ಜ್ ನೋಡಿ. ಡಿಸ್ಕಾಗ್ಸ್‌ನಲ್ಲಿ ಹಿಂಬದಿಯ ಹೊದಿಕೆಯ ಫೋಟೋ ಕೂಡ ಎಷ್ಟೋ ಸಲ ಇರುತ್ತದೆ, ಹಿಗ್ಗಿಸಿ ಓದಬಹುದು.

ಯಾರ ಕೆಲಸ ಏನು? ಆಲ್ಬಂನ ಪ್ರೊಡ್ಯೂಸರ್ ಸಿನಿಮಾದ ಹಾಗೆ ದುಡ್ಡು ಹಾಕುವವರಲ್ಲ. ಯಾವ ಹಾಡು ಒಳಗೆ, ಯಾವುದು ಹೊರಗೆ, ಯಾರನ್ನು ಕರೆಸಬೇಕು, ಯಾವ ಟೇಕ್ (ಒಂದು ಸಲ ಹಾಡಿ ಮುದ್ರಿಸಿದ್ದು) ಉಳಿಯಬೇಕು ಎಂದು ನಿರ್ಧರಿಸುವವರು. 1982ರ ಕೊನೆಗೆ ಬಂದ ಮೈಕೆಲ್ ಜಾಕ್ಸನ್ ಅವರ ‘ಥ್ರಿಲ್ಲರ್’ ತೆಗೆದುಕೊಳ್ಳಿ. ಪ್ರೊಡ್ಯೂಸರ್ ಕ್ವಿನ್ಸಿ ಜೋನ್ಸ್ ಜಾಝ್ ವಾದ್ಯಗೋಷ್ಠಿಗಳಿಂದ ಬಂದವರು. ಶೀರ್ಷಿಕೆ ಹಾಡು ಬರೆದದ್ದು ರಾಡ್ ಟೆಂಪರ್ಟನ್. ‘ಬೀಟ್ ಇಟ್’ ಹಾಡಿನ ನಡುವೆ ಸಿಡಿಯುವ ಗಿಟಾರ್ ಹಾರ್ಡ್ ರಾಕ್‌ನ ಎಡ್ಡಿ ವ್ಯಾನ್ ಹೇಲನ್ ಅವರದು. ಮೈಕ್ ಇಟ್ಟು, ಮಿಕ್ಸ್ ಮಾಡಿ, ಒಂದೊಂದು ವಾದ್ಯಕ್ಕೂ ಅದರದೇ ಜಾಗ ಕೊಟ್ಟವರು ಬ್ರೂಸ್ ಸ್ವೀಡಿಯನ್. ಒಬ್ಬರ ಮುಖ ಮಾತ್ರ ಹೊದಿಕೆಯ ಮೇಲಿದೆ.

ಪ್ರೊಡ್ಯೂಸರ್ ಬದಲಾದರೆ ಏನು ಬದಲಾಗುತ್ತದೆಂದು ಕಿವಿಯಾರೆ ತಿಳಿಯಬೇಕಿದ್ದರೆ ಅಮೆರಿಕದ ರಾಕ್ ತಂಡ ನಿರ್ವಾಣದ ಎರಡು ಆಲ್ಬಂ ಬೆನ್ನುಬೆನ್ನಿಗೆ ಹಾಕಿ. 1991ರ ‘ನೆವರ್‌ಮೈಂಡ್’ ಬುಚ್ ವಿಗ್ ಅವರದು. ದನಿಯ ಮೇಲೆ ಅದೇ ದನಿಯನ್ನು ಇನ್ನೊಮ್ಮೆ ಹಾಡಿಸಿ ಕೂರಿಸುವುದಕ್ಕೆ ತಂಡದ ಗಾಯಕ ಕರ್ಟ್ ಕೊಬೇನ್ ಒಪ್ಪಿರಲಿಲ್ಲ, ಬೀಟಲ್ಸ್‌ನ ಜಾನ್ ಲೆನನ್ ಹಾಗೆ ಮಾಡುತ್ತಿದ್ದರು ಎಂದು ವಿಗ್ ಹೇಳಿದ ಮೇಲೆ ಒಪ್ಪಿದರು. 1993ರ ‘ಇನ್ ಯುಟರೋ’ ಸ್ಟೀವ್ ಆಲ್ಬಿನಿ ಅವರದು. ಅವರು ಪ್ರೊಡ್ಯೂಸರ್ ಅನ್ನಿಸಿಕೊಳ್ಳುವುದಕ್ಕೇ ಒಪ್ಪದೆ ‘ರೆಕಾರ್ಡ್ ಮಾಡಿದವರು’ ಎಂದು ಹಾಕಿಸುತ್ತಿದ್ದರು, ಮಾರಾಟದಲ್ಲಿ ಬರುವ ಪಾಲನ್ನೂ (ರಾಯಲ್ಟಿ) ಮುಟ್ಟುತ್ತಿರಲಿಲ್ಲ. ಎರಡರಲ್ಲೂ ತಂಡದ ಅದೇ ಮೂವರು. ಮೊದಲನೆಯದು ನುಣುಪು, ಎರಡನೆಯದರಲ್ಲಿ ಡ್ರಮ್ ಅದೇ ಕೋಣೆಯಲ್ಲಿ ಎದುರಿಗೇ ಬಡಿದಂತಿದೆ.

ಇನ್ನು ನಿಧಾನವಾಗಿ ನೋಡಬೇಕಾದ ಒಂದು ಆಲ್ಬಂ. 1971ರ ಮೇ ತಿಂಗಳಲ್ಲಿ ಬಂದ, ಗಾಯಕ ಮಾರ್ವಿನ್ ಗೇ ಅವರ ‘ವಾಟ್ಸ್ ಗೋಯಿಂಗ್ ಆನ್’. ಡೆಟ್ರಾಯ್ಟ್‌ನ ಮೋಟೌನ್ ಕಂಪನಿ ಅಷ್ಟು ವರ್ಷ ಹಿಟ್ ಮೇಲೆ ಹಿಟ್ ಕೊಟ್ಟಿತ್ತು, ಆದರೆ ಅವನ್ನೆಲ್ಲ ನುಡಿಸಿದ ಸ್ಟುಡಿಯೋ ವಾದಕರ ಹೆಸರು ಹೊದಿಕೆಯ ಮೇಲೆ ಬಂದಿರಲಿಲ್ಲ. ಫಂಕ್ ಬ್ರದರ್ಸ್ ಎಂದು ಕರೆಸಿಕೊಳ್ಳುತ್ತಿದ್ದ ಆ ಗುಂಪಿನವರ ಹೆಸರು ಮೊದಲು ಅಚ್ಚಾದದ್ದು ಈ ಆಲ್ಬಂನಲ್ಲಿ.

ಆ ಹೆಸರುಗಳನ್ನು ಮುಂದಿಟ್ಟುಕೊಂಡು ಶೀರ್ಷಿಕೆ ಹಾಡು ಹಾಕಿ. ಮೊದಲು ಕೇಳುವುದು ಪಾರ್ಟಿಗೆ ಬಂದ ಗೆಳೆಯರ ಮಾತು, ಅದರಲ್ಲಿ ಇಬ್ಬರು ಡೆಟ್ರಾಯ್ಟ್ ಲಯನ್ಸ್ ತಂಡದ ಅಮೆರಿಕನ್ ಫುಟ್‌ಬಾಲ್ ಆಟಗಾರರಾದ ಮೆಲ್ ಫಾರ್ ಮತ್ತು ಲೆಮ್ ಬಾರ್ನಿ. ನಂತರ ತೇಲಿ ಬರುವ ಸ್ಯಾಕ್ಸೊಫೋನ್ ಈಲೈ ಫಾಂಟೇನ್ ಅವರದು. ಅವರು ಕೈ ಪಳಗಿಸಿಕೊಳ್ಳಲು ಸುಮ್ಮನೆ ನುಡಿಸಿದ್ದನ್ನು ಮಾರ್ವಿನ್ ಹಾಗೇ ಉಳಿಸಿಕೊಂಡರು. ಮಾರ್ವಿನ್ ಅವರ ದನಿ ಎರಡಾಗಿ, ಒಂದರ ಮಾತಿಗೆ ಇನ್ನೊಂದು ಉತ್ತರಿಸಿದಂತೆ ಕೇಳುತ್ತದಲ್ಲ, ಅದೂ ಅಕಸ್ಮಾತ್ತಾಗಿ ಆದದ್ದು. ಎರಡು ಟೇಕ್ ಹಾಡಿದ್ದರು, ಎರಡರಲ್ಲಿ ಒಂದನ್ನು ಆರಿಸಬೇಕಿತ್ತು, ಎಂಜಿನಿಯರ್ ಎರಡನ್ನೂ ಒಟ್ಟಿಗೆ ಹಾಕಿಬಿಟ್ಟರು. ಕೇಳಿದ ಮಾರ್ವಿನ್‌ಗೆ ಹಿಡಿಸಿತು. ಕೆಳಗೆ ಹರಿದಾಡುವ ಬೇಸ್ ಜೇಮ್ಸ್ ಜೇಮರ್ಸನ್ ಅವರದು. ಅವತ್ತು ರಾತ್ರಿ ಕುಡಿದು ಬಂದಿದ್ದರಿಂದ ಕೂರಲಾರದೆ ನೆಲದ ಮೇಲೆ ಮಲಗಿಯೇ ನುಡಿಸಿದರೆಂದು ಜೊತೆಗಿದ್ದವರು ಹೇಳುತ್ತಾರೆ. ಎಲ್ಲ ಬಿಟ್ಟು ಆ ಬೇಸ್ ಒಂದನ್ನೇ ಹಿಂಬಾಲಿಸಿ ಹಾಡನ್ನು ಇನ್ನೊಮ್ಮೆ ಕೇಳಿ. ಬೇರೆಯದೇ ಹಾಡು. ಎ ಬದಿಯ ಆರೂ ಹಾಡು ಒಂದರೊಳಗೊಂದು ಸೇರಿಕೊಂಡಿವೆ. ಗ್ಯಾಪ್‌ಲೆಸ್ ಹಾಕಿ ಎಂದದ್ದು ಇದಕ್ಕೇ.

ಕ್ರೆಡಿಟ್ಸ್ ಪಟ್ಟಿಯನ್ನೂ ಕಣ್ಣುಮುಚ್ಚಿ ನಂಬಬೇಡಿ ಎಂದು ಇಲ್ಲೇ ಹೇಳಿಬಿಡುತ್ತೇನೆ. ಬೀಚ್ ಬಾಯ್ಸ್ ತಂಡದ 1966ರ ‘ಪೆಟ್ ಸೌಂಡ್ಸ್’ನಲ್ಲಿ ವಾದ್ಯ ನುಡಿಸಿದವರು ಬಹುತೇಕ ಕರೋಲ್ ಕೇ, ಹ್ಯಾಲ್ ಬ್ಲೇನ್‌ರಂಥ ಲಾಸ್ ಏಂಜಲಿಸ್‌ನ ಸ್ಟುಡಿಯೋ ವಾದಕರು, ಮೂಲ ಹೊದಿಕೆಯ ಮೇಲೆ ಅವರ ಹೆಸರಿಲ್ಲ. ಪಿಂಕ್ ಫ್ಲಾಯ್ಡ್‌ನ 1973ರ ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’ನಲ್ಲಿ ಒಂದೂ ಪದವಿಲ್ಲದೆ ಬರೀ ಕಂಠದಲ್ಲಿ ಗೋಳಾಡುವ ಭಾಗವಿದೆಯಲ್ಲ, ಅದನ್ನು ಹಾಡಿದ ಕ್ಲೇರ್ ಟೋರಿ ಅವರಿಗೆ ಆಗ ಸಿಕ್ಕಿದ್ದು 30 ಪೌಂಡ್ ಸಂಭಾವನೆ. 2004ರಲ್ಲಿ ಕೋರ್ಟಿಗೆ ಹೋದರು, 2005ರಲ್ಲಿ ರಾಜಿಯಾಗಿ ಆ ರಚನೆಗೆ ಅವರ ಹೆಸರೂ ಸೇರಿತು. ಹಳೆಯ ಪ್ರತಿ ಮತ್ತು ಹೊಸ ಪ್ರತಿಯ ಹಿಂಬದಿ ಹೋಲಿಸಿದರೆ ವ್ಯತ್ಯಾಸ ಕಾಣುತ್ತದೆ.

5. ಒಂದು ಹೆಸರು ಹಿಡಿದು ಹೊರಡಿ

ಇದೇ ಮುಖ್ಯ ಹೆಜ್ಜೆ. ಆಲ್ಬಂನಲ್ಲಿ ನಿಮಗೆ ಹೆಚ್ಚು ಹಿಡಿಸಿದ ಒಬ್ಬರನ್ನು ಆರಿಸಿ, ಅವರು ಇನ್ನೆಲ್ಲಿ ಇದ್ದಾರೆ ಎಂದು ನೋಡಿ. ಹೆಸರಿನ ಮೇಲೆ ಒತ್ತಿದರೆ ಡಿಸ್ಕಾಗ್ಸ್ ಪಟ್ಟಿ ಕೊಡುತ್ತದೆ. ಆ ಪಟ್ಟಿಯಲ್ಲಿ ಅವರದೇ ಆಲ್ಬಂಗಳಿಗಿಂತ ಬೇರೆಯವರ ಆಲ್ಬಂಗೆ ಹೋಗಿ ನುಡಿಸಿದವು ಹೆಚ್ಚು ಉಪಯೋಗಕ್ಕೆ ಬರುತ್ತವೆ, ಪ್ರಕಾರದ ಗೋಡೆ ದಾಟುವುದು ಅಲ್ಲೇ.

ಮೊದಲೇ ಹೇಳಿದ ದಾರಿ ಈಗ. 1967ರ ‘ಕಾಲ್ ಆಫ್ ದಿ ವ್ಯಾಲಿ’ಯಿಂದ ಹೊರಡೋಣ. ಶಿವಕುಮಾರ್ ಶರ್ಮ ಅವರ ಸಂತೂರ್, ಹರಿಪ್ರಸಾದ್ ಚೌರಾಸಿಯಾ ಅವರ ಕೊಳಲು, ಬ್ರಿಜ್‌ಭೂಷಣ್ ಕಾಬ್ರಾ ಅವರ ಗಿಟಾರ್, ಮಾಣಿಕ್‌ರಾವ್ ಪೋಪಟ್ಕರ್ ಅವರ ತಬಲಾ. ಕಾಶ್ಮೀರದ ಕುರಿಗಾಹಿಯೊಬ್ಬನ ಒಂದು ದಿನವನ್ನು ಬೆಳಗಿನ ರಾಗದಿಂದ ರಾತ್ರಿಯವರೆಗೆ ಹೇಳುವ ಕಲ್ಪನೆ. ರಾಗಗಳ ಹೊತ್ತಿನ ಕ್ರಮವೇ ಇಲ್ಲಿ ಆಲ್ಬಂನ ಕ್ರಮ. ಅದಕ್ಕೇ ಷಫಲ್ ಹಾಕಿದರೆ ಕುರಿಗಾಹಿ ಸಂಜೆ ಎದ್ದು ಬೆಳಿಗ್ಗೆ ಮಲಗುತ್ತಾನೆ.

ಇಲ್ಲಿಂದ ಹರಿಪ್ರಸಾದ್ ಅವರ ಹೆಸರು ಹಿಡಿಯಿರಿ. ಅದು 1987ರ ‘ಮೇಕಿಂಗ್ ಮ್ಯೂಸಿಕ್’ಗೆ ಒಯ್ಯುತ್ತದೆ. ತಬಲಾ ವಾದಕ ಜಾಕಿರ್ ಹುಸೇನ್ ಅವರ ಆಲ್ಬಂ, ಜರ್ಮನಿಯ ಇಸಿಎಂ ಕಂಪನಿಯದು. ಕೊಳಲಿನ ಎದುರು ನಾರ್ವೆಯ ಯಾನ್ ಗರ್ಬಾರೆಕ್ ಅವರ ಸ್ಯಾಕ್ಸೊಫೋನ್, ಜೊತೆಗೆ ಇಂಗ್ಲೆಂಡಿನ ಜಾನ್ ಮೆಕ್‌ಲಾಫ್ಲಿನ್ ಅವರ ಗಿಟಾರ್. ಪರಿಚಿತ ಕೊಳಲು ಇರುವುದರಿಂದ ಸ್ಯಾಕ್ಸೊಫೋನ್ ಬಂದಾಗ ಕಿವಿ ಬೆಚ್ಚುವುದಿಲ್ಲ. ಹೆಸರು ಹಿಡಿದು ಹೋಗುವುದರ ಲಾಭ ಇದೇ.

ಮೆಕ್‌ಲಾಫ್ಲಿನ್ ಅವರನ್ನು ಹಿಡಿದರೆ ಎರಡು ದಾರಿ. ಒಂದು ಶಕ್ತಿ ತಂಡ. ಎಲ್. ಶಂಕರ್ ಅವರ ಪಿಟೀಲು, ಜಾಕಿರ್ ಅವರ ತಬಲಾ, ಟಿ.ಎಚ್. ವಿನಾಯಕರಾಂ ಅವರ ಘಟ. 1976ರ ಮೊದಲ ಆಲ್ಬಂ ಕಛೇರಿಯ ರೆಕಾರ್ಡಿಂಗ್. ವೇಗಕ್ಕೆ ಕಿವಿ ಸಿದ್ಧವಿದ್ದರೆ ಅತ್ತ ಹೋಗಿ. ನಾನು ಮೊದಲು ಎರಡನೆಯ ದಾರಿ ಹಿಡಿಯಿರಿ ಎನ್ನುತ್ತೇನೆ. ಅದು 1969ರ ಫೆಬ್ರುವರಿಯಲ್ಲಿ ಮುದ್ರಿಸಿದ, ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ ‘ಇನ್ ಎ ಸೈಲೆಂಟ್ ವೇ’. ಬದಿಗೊಂದೇ ರಚನೆ, ಮೂರು ಕೀಬೋರ್ಡ್, ಆಗಷ್ಟೇ ನ್ಯೂಯಾರ್ಕ್‌ಗೆ ಬಂದಿಳಿದಿದ್ದ ಮೆಕ್‌ಲಾಫ್ಲಿನ್ ಅವರ ಹಗುರ ಗಿಟಾರ್. ಇದರಲ್ಲಿ ಒಂದು ಕೈಚಳಕವಿದೆ. ಪ್ರೊಡ್ಯೂಸರ್ ಟಿಯೋ ಮಸೆರೊ ಗಂಟೆಗಟ್ಟಲೆಯ ಟೇಪನ್ನು ಕತ್ತರಿಸಿ ಜೋಡಿಸಿದರು. ಎರಡೂ ಬದಿಯ ಕೊನೆಗೆ ಬರುವ ಭಾಗ ಮತ್ತೆ ನುಡಿಸಿದ್ದಲ್ಲ, ಮೊದಲ ಭಾಗದ ಟೇಪಿನದೇ ನಕಲು. ಎರಡನೇ ಬದಿಯ ಮೊದಲ ನಾಲ್ಕು ನಿಮಿಷ ಮತ್ತು ಕೊನೆಯ ನಾಲ್ಕು ನಿಮಿಷ ಹಾಕಿ ನೋಡಿ. ಸ್ವರಕ್ಕೆ ಸ್ವರ, ಎಳೆಗೆ ಎಳೆ ಅದೇ. ಆದರೂ ನಡುವಿನ ಹೊತ್ತು ಕಳೆದು ಬಂದಾಗ ಬೇರೆ ಕೇಳುತ್ತದೆ.

ಇನ್ನು ಮನುಷ್ಯರನ್ನು ಬಿಟ್ಟು ಜಾಗ ಹಿಡಿಯೋಣ. ಇದನ್ನು ಮುದ್ರಿಸಿದ್ದು ನ್ಯೂಯಾರ್ಕ್‌ನ 30ನೇ ಬೀದಿಯಲ್ಲಿದ್ದ ಕೊಲಂಬಿಯಾ ಸ್ಟುಡಿಯೋದಲ್ಲಿ. ಮೊದಲು ಚರ್ಚ್ ಆಗಿದ್ದ, ಎತ್ತರದ ಚಾವಣಿಯ ಕಟ್ಟಡ. ಅದೇ ಡೇವಿಸ್ ಹತ್ತು ವರ್ಷ ಮುಂಚೆ, 1959ರ ಮಾರ್ಚ್ 2 ಮತ್ತು ಏಪ್ರಿಲ್ 22ರಂದು, ಅಲ್ಲೇ ‘ಕೈಂಡ್ ಆಫ್ ಬ್ಲೂ’ ಮುದ್ರಿಸಿದ್ದರು. ಐದೇ ರಚನೆ. ಟೆನರ್ ಸ್ಯಾಕ್ಸೊಫೋನ್ ಜಾನ್ ಕೋಲ್ಟ್ರೇನ್, ಆಲ್ಟೊ ಕ್ಯಾನನ್‌ಬಾಲ್ ಆ್ಯಡರ್ಲಿ, ಬೇಸ್ ಪಾಲ್ ಚೇಂಬರ್ಸ್, ಡ್ರಮ್ಸ್ ಜಿಮ್ಮಿ ಕಾಬ್. ಪಿಯಾನೋಗೆ ಬಿಲ್ ಇವಾನ್ಸ್, ಎರಡನೇ ರಚನೆಯಲ್ಲಿ ಮಾತ್ರ ವಿಂಟನ್ ಕೆಲ್ಲಿ. ಯಾವುದರಲ್ಲಿ ಪಿಯಾನೋ ಕೈ ಬದಲಾಯಿತು ಎಂದು ಕೇಳಿಯೇ ಹೇಳಲು ಯತ್ನಿಸಿ, ಕೆಲ್ಲಿ ಅವರ ಲಯ ಕುಣಿಯುತ್ತದೆ, ಇವಾನ್ಸ್ ಅವರದು ಕಾಯುತ್ತದೆ. ಇಲ್ಲೂ ಹೆಸರಿನ ತಕರಾರು ಇದೆ. ಮೂರನೆಯ ರಚನೆ ಡೇವಿಸ್ ಹೆಸರಲ್ಲಿ ಬಂತು, ಅದು ತನ್ನದೆಂದು ಇವಾನ್ಸ್ ಹೇಳುತ್ತಲೇ ಇದ್ದರು.

ಇದೇ ಕೋಣೆಯಲ್ಲಿ 1955ರಲ್ಲಿ ಕೆನಡಾದ ಹುಡುಗ ಗ್ಲೆನ್ ಗೂಲ್ಡ್, ಆಗ 22 ವರ್ಷ, ಬಾಖ್‌ನ ‘ಗೋಲ್ಡ್‌ಬರ್ಗ್ ವೇರಿಯೇಷನ್ಸ್’ ನುಡಿಸಿದರು. ಸುಮಾರು 38 ನಿಮಿಷ. 1981ರಲ್ಲಿ ಅದೇ ಸ್ಟುಡಿಯೋಗೆ ಬಂದು ಅದೇ ಕೃತಿಯನ್ನು ಮತ್ತೆ ನುಡಿಸಿದರು. 51 ನಿಮಿಷ. ಆ ಆಲ್ಬಂ 1982ರಲ್ಲಿ ಬಂತು, ಅದೇ ವರ್ಷ ಅಕ್ಟೋಬರ್ 4ರಂದು ಗೂಲ್ಡ್ ತೀರಿಕೊಂಡರು. ಪಶ್ಚಿಮದ ಶಾಸ್ತ್ರೀಯ ಸಂಗೀತ ಕೇಳಲು ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಪೂರ್ತಿ ಬೇಡ, ಆರಿಯಾ ಎಂಬ ಆರಂಭದ ಭಾಗ ಒಂದನ್ನೇ ಎರಡೂ ಆಲ್ಬಂನಲ್ಲಿ ಕೇಳಿ. ಕೃತಿ ಒಂದೇ, ನುಡಿಸುವವರು ಒಬ್ಬರೇ, ನಡುವೆ 26 ವರ್ಷ. ಹಿಂದೆ ಗುಂಯ್‌ಗುಟ್ಟುವ ದನಿ ಕೇಳಿದರೆ ನಿಮ್ಮ ಹೆಡ್‌ಫೋನ್ ಕೆಟ್ಟಿಲ್ಲ, ಅದು ಗೂಲ್ಡ್ ಗುನುಗುವುದು.

6. ಪ್ರಕಾರಕ್ಕೆ ತಕ್ಕ ಕಿವಿ

ಎಲ್ಲವನ್ನೂ ಒಂದೇ ರೀತಿ ಕೇಳಲು ಹೋಗಬೇಡಿ. ಎಲ್ಲ ಪ್ರಕಾರಕ್ಕೂ ಸೂತ್ರ ಕೊಡುವುದೂ ಆಗದ ಮಾತು, ನನಗೆ ಉಪಯೋಗಕ್ಕೆ ಬಂದ ಕೆಲವು ಇಷ್ಟು.

ಹಿಪ್‌ಹಾಪ್ ಆಲ್ಬಂನಲ್ಲಿ ಮಾತಿನಷ್ಟೇ ಅದರ ಕೆಳಗೆ ತಿರುಗುವ ತುಣುಕೂ ಮುಖ್ಯ. ಆ ತುಣುಕು ಬಹುಪಾಲು ಬೇರೆ ಯಾರದೋ ಹಳೆಯ ತಟ್ಟೆಯಿಂದ ಬಂದದ್ದು. ಅಮೆರಿಕದ ಗಾಯಕ ಜೇಮ್ಸ್ ಬ್ರೌನ್ ಅವರ ತಂಡದ ಕ್ಲೈಡ್ ಸ್ಟಬ್ಬಲ್‌ಫೀಲ್ಡ್ 1969ರಲ್ಲಿ ಬಾರಿಸಿದ ಕೆಲವೇ ಸೆಕೆಂಡುಗಳ ಡ್ರಮ್ ಸಾವಿರಾರು ಹಾಡುಗಳ ಅಡಿಪಾಯವಾಯಿತು. ರಚನೆ ಬ್ರೌನ್ ಹೆಸರಿನಲ್ಲಿದ್ದುದರಿಂದ ಡ್ರಮ್ಮರ್‌ಗೆ ಅದರ ರಾಯಲ್ಟಿ ಬರಲಿಲ್ಲ. ಇಂಥ ಮೂಲಗಳನ್ನು ಹುಡುಕಲು ಹೂಸ್ಯಾಂಪಲ್ಡ್ ಎಂಬ ತಾಣವಿದೆ. ಈ ತುಣುಕುಗಳ ಹಕ್ಕಿನ ಗೋಜಲಿನಿಂದಲೇ ಡಿ ಲಾ ಸೋಲ್ ತಂಡದ 1989ರ ‘3 ಫೀಟ್ ಹೈ ಆ್ಯಂಡ್ ರೈಸಿಂಗ್’ ಸ್ಟ್ರೀಮಿಂಗ್‌ಗೆ ಬಂದದ್ದು 2023ರ ಮಾರ್ಚ್‌ನಲ್ಲಿ. ನಿಮಗೆ ಬೇಕಾದ ಹಳೆಯ ಹಿಪ್‌ಹಾಪ್ ಆಲ್ಬಂ ಆ್ಯಪ್‌ನಲ್ಲಿ ಸಿಗದಿದ್ದರೆ ಕಾರಣ ಹೆಚ್ಚಾಗಿ ಇಂಥದೇ ಇರುತ್ತದೆ.

ಹೆವಿ ಮೆಟಲ್ ಬರೀ ಗಲಾಟೆ ಅನ್ನುವವರು ಬ್ಲ್ಯಾಕ್ ಸಬ್ಬಾತ್ ತಂಡದ 1970ರ ಮೊದಲ ಆಲ್ಬಂ ಹಾಕಿ. ಬಹುಪಾಲು ಒಂದೇ ದಿನದಲ್ಲಿ ಮುದ್ರಿಸಿದ್ದು, ಅದಕ್ಕೇ ಖಾಲಿ ಜಾಗ ತುಂಬಾ ಇದೆ, ನಾಲ್ವರೂ ಬಿಡಿಬಿಡಿಯಾಗಿ ಕೇಳುತ್ತಾರೆ. ಗಿಟಾರ್ ವಾದಕ ಟೋನಿ ಅಯೋಮಿ ಲೋಹದ ತಗಡಿನ ಕಾರ್ಖಾನೆಯಲ್ಲಿ ಎರಡು ಬೆರಳ ತುದಿ ಕಳೆದುಕೊಂಡವರು. ಪ್ಲಾಸ್ಟಿಕ್ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡು, ತೆಳು ತಂತಿ ಹಾಕಿಕೊಂಡು ನುಡಿಸಿದರು. 1971ರ ‘ಮಾಸ್ಟರ್ ಆಫ್ ರಿಯಾಲಿಟಿ’ ಹೊತ್ತಿಗೆ ಶ್ರುತಿಯನ್ನೂ ತಗ್ಗಿಸಿದರು, ತಂತಿ ಸಡಿಲವಾದಷ್ಟು ಬೆರಳಿಗೆ ಹಗುರ. ಮೆಟಲ್‌ನ ಆ ಭಾರದ ದನಿಗೆ ಈ ಗಾಯದ ಪಾಲೂ ಇದೆ.

ಜಮೈಕಾದ ರೆಗೇಗೆ ಬಾಬ್ ಮಾರ್ಲಿ ಮತ್ತು ವೇಲರ್ಸ್ ಅವರ 1973ರ ‘ಕ್ಯಾಚ್ ಎ ಫೈರ್’. ಜಮೈಕಾದಲ್ಲಿ ಮುದ್ರಿಸಿದ ಟೇಪಿಗೆ ಐಲ್ಯಾಂಡ್ ಕಂಪನಿಯ ಕ್ರಿಸ್ ಬ್ಲ್ಯಾಕ್‌ವೆಲ್ ಲಂಡನ್‌ನಲ್ಲಿ ರಾಕ್ ಕೇಳುಗರಿಗಾಗಿ ವೇಯ್ನ್ ಪರ್ಕಿನ್ಸ್ ಅವರ ಗಿಟಾರ್, ಇನ್ನಷ್ಟು ಕೀಬೋರ್ಡ್ ಸೇರಿಸಿದರು. 2001ರ ಡಿಲಕ್ಸ್ ಆವೃತ್ತಿಯಲ್ಲಿ ಜಮೈಕಾದ ಮೂಲ ರೂಪವೂ ಇದೆ. ಎರಡನ್ನೂ ಹಾಕಿ, ಯಾವುದು ನಿಮ್ಮದೆಂದು ನೀವೇ ತೀರ್ಮಾನಿಸಿ. ನನ್ನ ಓಟು ಮೂಲಕ್ಕೆ.

ಲೈವ್ ಆಲ್ಬಂ ಎಂದರೆ ಎಲ್ಲವೂ ಅಲ್ಲೇ ಆದದ್ದು ಅಂದುಕೊಳ್ಳಬೇಡಿ. ಜಾನಿ ಕ್ಯಾಷ್ ಅವರ 1968ರ ‘ಅಟ್ ಫಾಲ್ಸಮ್ ಪ್ರಿಸನ್’ ನಿಜಕ್ಕೂ ಜೈಲಿನಲ್ಲಿ, ಕೈದಿಗಳ ಎದುರು, ಜನವರಿ 13ರಂದು ಹಾಡಿದ್ದು. ಆದರೆ ಮೊದಲ ಹಾಡಿನಲ್ಲಿ ಕೊಲೆಯ ಸಾಲಿಗೆ ಏಳುವ ಕೇಕೆ ಆಮೇಲೆ ಸೇರಿಸಿದ್ದು. ಕಾವಲುಗಾರರು ನೋಡುತ್ತಿರುವಾಗ ಕೈದಿಗಳು ಅಂಥ ಸಾಲಿಗೆ ಕೇಕೆ ಹಾಕುವ ಧೈರ್ಯ ಮಾಡುವರೇ?

ಆ್ಯಂಬಿಯೆಂಟ್, ಅಂದರೆ ಹಿನ್ನೆಲೆಯಲ್ಲಿ ಸುಮ್ಮನೆ ಹರಡಿಕೊಂಡಿರುವ ಸಂಗೀತವನ್ನು ಇಷ್ಟೆಲ್ಲ ಗಮನವಿಟ್ಟು ಕೇಳಬೇಕಾಗಿಲ್ಲ. ಬ್ರಯಾನ್ ಈನೋ ಅವರ 1978ರ ‘ಮ್ಯೂಸಿಕ್ ಫಾರ್ ಏರ್‌ಪೋರ್ಟ್ಸ್’ನಲ್ಲಿ ಬೇರೆ ಬೇರೆ ಉದ್ದದ ಟೇಪ್ ಸುರುಳಿಗಳು ತಮ್ಮ ಪಾಡಿಗೆ ಸುತ್ತುತ್ತವೆ, ದನಿಗಳು ಪ್ರತಿ ಸಲ ಬೇರೆ ರೀತಿ ಎದುರಾಗುತ್ತವೆ. ಸಣ್ಣ ಸದ್ದಿನಲ್ಲಿ ಹಾಕಿ ನಿಮ್ಮ ಕೆಲಸ ಮಾಡಿಕೊಳ್ಳಿ.

7. ಯಾವ ಪ್ರತಿ?

ರೀಮಾಸ್ಟರ್ (ಹಳೆಯ ಟೇಪಿನಿಂದ ಮತ್ತೆ ಸಿದ್ಧಪಡಿಸಿದ್ದು), ಡಿಲಕ್ಸ್, ಮೋನೊ, ಸ್ಟೀರಿಯೋ ಎಂದು ಒಂದೇ ಆಲ್ಬಂ ಐದಾರು ರೂಪದಲ್ಲಿ ಕಂಡರೆ ಗಾಬರಿ ಬೇಡ. ಬೋನಸ್ ಹಾಡುಗಳಿದ್ದರೆ ಮೂಲ ಆಲ್ಬಂ ಎಲ್ಲಿ ಮುಗಿಯುತ್ತಿತ್ತೋ ಅಲ್ಲಿಗೆ ನಿಲ್ಲಿಸಿ, ಇಲ್ಲದಿದ್ದರೆ ಕೊನೆಯ ಹಾಡು ಕೊನೆಯದಾಗಿ ಉಳಿಯುವುದಿಲ್ಲ. ‘ಪೆಟ್ ಸೌಂಡ್ಸ್’ ಮೋನೊದಲ್ಲೇ (ಎರಡೂ ಕಿವಿಗೆ ಒಂದೇ ಸದ್ದು) ಕೇಳಿ, ಒಂದು ಕಿವಿ ಕೇಳಿಸದ, ಬೀಚ್ ಬಾಯ್ಸ್‌ನ ಬ್ರಯಾನ್ ವಿಲ್ಸನ್ ಅದನ್ನು ಕಟ್ಟಿದ್ದು ಹಾಗೆ. ‘ಕೈಂಡ್ ಆಫ್ ಬ್ಲೂ’ ಆದರೆ ಹೊಸ ಪ್ರತಿ. ಮೊದಲ ದಿನದ ಟೇಪ್ ಯಂತ್ರದ ವೇಗ ತಪ್ಪಿದ್ದರಿಂದ ಎ ಬದಿಯ ಮೂರೂ ರಚನೆ ದಶಕಗಳ ಕಾಲ ಶ್ರುತಿ ಕೊಂಚ ಏರಿಯೇ ಮಾರಾಟವಾದವು, ಸರಿಪಡಿಸಿದ್ದು 1990ರ ದಶಕದಲ್ಲಿ. ಹಳೆಯ ತಟ್ಟೆಯ ಜೊತೆ ತಮ್ಮ ವಾದ್ಯ ನುಡಿಸಿಕೊಂಡು ಕಲಿಯುತ್ತಿದ್ದವರ ಪಾಡು ಏನಾಗಿರಬೇಕು!

8. ಹಿಡಿಸದಿದ್ದರೆ

ಎರಡು ಮೂರು ಸಲ ಕೇಳಿಯೂ ಒಳಗೆ ಇಳಿಯದಿದ್ದರೆ ಬಿಡಿ. ಶ್ರೇಷ್ಠ ಎಂದು ಯಾರೋ ಹೇಳಿದ್ದಕ್ಕೆ ಹಟ ಹಿಡಿದು ಕೂರುವುದು ಬೇಡ. ಆಲ್ಬಂ ಬಿಟ್ಟರೂ ಅದರಿಂದ ಒಂದು ಹೆಸರು ಮಾತ್ರ ಉಳಿಸಿಕೊಳ್ಳಿ. ಒಂದು ನೋಟ್‌ಬುಕ್‌ನಲ್ಲೋ ಫೋನಿನಲ್ಲೋ ಆಲ್ಬಂ, ವರ್ಷ, ಹಿಡಿಸಿದ ಒಬ್ಬರ ಹೆಸರು, ಇಷ್ಟೇ ಬರೆದಿಡಿ. ನಕ್ಷತ್ರ, ಅಂಕ ಕೊಡಬೇಡಿ.

ಉದಾಹರಣೆಗೆ ‘ಇನ್ ಎ ಸೈಲೆಂಟ್ ವೇ’ ನಿದ್ದೆ ತರಿಸಿತು ಅಂದುಕೊಳ್ಳಿ. ಅದರ ಮೂವರು ಕೀಬೋರ್ಡ್ ವಾದಕರಲ್ಲಿ ಒಬ್ಬರು ಹರ್ಬಿ ಹ್ಯಾನ್ಕಾಕ್. ಅವರ ಹೆಸರಿನ ಜೊತೆ 1973ರ ‘ಹೆಡ್ ಹಂಟರ್ಸ್’ಗೆ ಹೋಗಿ. ಶುರುವಿನಲ್ಲೇ ಅವರು ಸಿಂಥಸೈಜರ್‌ನಲ್ಲಿ ನುಡಿಸುವ ಬೇಸ್‌ಗೆ ಕಾಲು ತನ್ನಷ್ಟಕ್ಕೆ ತಾಳ ಹಾಕುತ್ತದೆ, ನಿದ್ದೆಯ ಮಾತೇ ಇಲ್ಲ. ಅಲ್ಲಿಂದ ಅವರು ನುಡಿಸಿರುವ, ಗಾಯಕಿ ಜೋನಿ ಮಿಚೆಲ್ ಅವರ 1979ರ ‘ಮಿಂಗಸ್’ ಸಿಗುತ್ತದೆ, ಅದು ಕೊಂಚ ಕಷ್ಟದ್ದು. ದಾಟಿಕೊಂಡು ಜೋನಿ ಅವರದೇ 1971ರ ‘ಬ್ಲೂ’ಗೆ ಬನ್ನಿ, ಬಹುತೇಕ ಒಂದು ದನಿ ಮತ್ತು ಒಂದೆರಡು ವಾದ್ಯ, ಅಷ್ಟೇ. ಎ ಬದಿ ಶೀರ್ಷಿಕೆ ಹಾಡಿನಲ್ಲಿ ಮುಗಿಯುತ್ತದೆ, ಅಲ್ಲಿ ನಿಲ್ಲಿಸುವುದು ಮರೆಯಬೇಡಿ. ಬಿ ಬದಿಯ ಮೂರನೆಯ ಹಾಡು ‘ರಿವರ್’. ಪಿಯಾನೋದಲ್ಲಿ ಕ್ರಿಸ್‌ಮಸ್ ಹಾಡೊಂದರ ಗುರುತಿನ ಸ್ವರಗಳು ಬಂದು ಬೇಸರಕ್ಕೆ ಹೊರಳುತ್ತವೆ, ನುಡಿಸಿರುವುದು ಜೋನಿಯೇ. 2007ರಲ್ಲಿ ಹ್ಯಾನ್ಕಾಕ್ ಜೋನಿ ಅವರ ಹಾಡುಗಳನ್ನೇ ತೆಗೆದುಕೊಂಡು ಒಂದು ಆಲ್ಬಂ ಮಾಡಿದರು, ಮರುವರ್ಷ ವರ್ಷದ ಆಲ್ಬಂ ಎಂಬ ಗ್ರ್ಯಾಮಿಯೂ ಅದಕ್ಕೆ ಬಂತು. ಅದರಲ್ಲಿ ‘ರಿವರ್’ ಹಾಡಿರುವವರು ಕೊರಿನ್ ಬೇಯ್ಲಿ ರೇ. ಮೊದಲು 1971ರದು, ಕೂಡಲೇ 2007ರದು ಹಾಕಿ, ಎರಡರಲ್ಲೂ ದನಿ ಬಿಟ್ಟು ಪಿಯಾನೋ ಮಾತ್ರ ಹಿಂಬಾಲಿಸಿ.